ಸೋಲೋ ಕಷ್ಟವಾದರೆ ವಾದ್ಯ ಬದಲಿಸಬೇಕೇ?

ಕುಂಬಳೆ, ಮಂಜೇಶ್ವರ ಕಡೆಯ ಬ್ಯಾಂಡ್‌ಸೆಟ್‌ಗಳಲ್ಲಿ ಟ್ರಂಪೆಟ್, ಟ್ರೊಂಬೋನ್‌ನಂಥ ಹಿತ್ತಾಳೆ ವಾದ್ಯ ಊದಿ ಪಳಗಿದವರು ಆರ್ಕೆಸ್ಟ್ರಾ ಆಡಿಷನ್‌ಗೆ, ಅಲ್ಲಿ ಒಬ್ಬರೇ ನುಡಿಸಬೇಕಾದ ಸೋಲೋಗೆ ತಯಾರಾಗುವಾಗ ಮೊದಲು ಕೇಳುವುದು, ಮೇಲಿನ ಸ್ವರ ಸುಲಭವಾಗಿ ಬರುವ ವಾದ್ಯ ಯಾವುದೆಂದು. ಚಿಕ್ಕ ವಾದ್ಯ ಹಿಡಿದ ಮಾತ್ರಕ್ಕೆ ತುಟಿಗೆ ಬಲ ಬರುವುದಿಲ್ಲ. ಪಕ್ಕದ ಸ್ವರಕ್ಕೆ ಜಾರುವುದು ಕಡಿಮೆಯಾಗುತ್ತದೆ, ಅಷ್ಟೆ.

ಬಿ-ಫ್ಲ್ಯಾಟ್ ಟ್ರಂಪೆಟ್‌ನ ಕೊಳವೆ ಸುಮಾರು 148 ಸೆಂ.ಮೀ. ಅದರ ಹೈ-ಸಿ (ಮೇಲಿನ ಸಿ ಸ್ವರ) ಎಂಟನೇ ಹಾರ್ಮೋನಿಕ್, ಅಂದರೆ ಅದೇ ಕೊಳವೆಯಲ್ಲಿ ತುಟಿ ಬಿಗಿಸುತ್ತ ಹೋದಂತೆ ಮೂಡುವ ಸ್ವರಗಳ ಸಾಲಿನಲ್ಲಿ ಎಂಟನೆಯದು. ಒಂಬತ್ತನೆಯದು ಒಂದೇ ಟೋನ್ ಆಚೆ. ಅರ್ಧ ಉದ್ದದ ಪಿಕೋಲೋ ಟ್ರಂಪೆಟ್‌ನಲ್ಲಿ ಅದೇ ನಾದ ನಾಲ್ಕನೆಯದು, ಐದನೆಯದಕ್ಕೆ ಎರಡು ಟೋನ್ ಅಂತರ. ಬಾಖ್ 1721ರಲ್ಲಿ ಅರ್ಪಿಸಿದ ಎರಡನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೋವನ್ನು ಇಂದು ಹೆಚ್ಚಿನವರು ಪಿಕೋಲೋದಲ್ಲೇ ನುಡಿಸಲು ಇದೇ ಕಾರಣ. ಆದರೆ ಕೊಳವೆ ಗಿಡ್ಡವಾದಷ್ಟೂ ಶ್ರುತಿ ನಾಜೂಕು: ಉದ್ದದಲ್ಲಿ ಒಂದು ಮಿ.ಮೀ. ವ್ಯತ್ಯಾಸವಾದರೆ ಪರಿಣಾಮ ಇಮ್ಮಡಿ. ಎರಡು ವಾರಕ್ಕೆಂದು ಯಾರಿಂದಲೋ ಕೇಳಿ ತಂದು ನುಡಿಸುವ ವಾದ್ಯ ಇದಲ್ಲ.

ರವೆಲ್ 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ ಮುಸೋರ್ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್'ನಲ್ಲಿ 'ಬಿಡ್ಲೊ' ಭಾಗದ ಸೋಲೋಗೆ ಟ್ಯೂಬಾ (ಹಿತ್ತಾಳೆಯ ಬಾಸ್ ವಾದ್ಯ) ಎಂದು ಬರೆದಿದೆ. ಅದನ್ನು ನಂಬಿ ಬ್ಯಾಂಡಿನ ದೊಡ್ಡ ಬಾಸ್ ಎತ್ತಿಕೊಳ್ಳಬೇಡಿ. ರವೆಲ್ ಮನಸ್ಸಿನಲ್ಲಿದ್ದುದು ಯುಫೋನಿಯಂಗಿಂತಲೂ ಒಂದು ಟೋನ್ ಮೇಲಿನ ಫ್ರೆಂಚ್ ಸಿ-ಟ್ಯೂಬಾ. ನಮ್ಮ ಬ್ಯಾಂಡ್‌ಸೆಟ್‌ನ ಯುಫೋನಿಯಂ ಸಾಕು. ಟ್ರೊಂಬೋನ್ ವಾದಕರೇ ನುಡಿಸಿದರೆ ಮೌತ್‌ಪೀಸ್ ಅಳತೆಯೂ ಹತ್ತಿರ ಇರುತ್ತದೆ. ರವೆಲ್‌ನದೇ 'ಬೊಲೆರೊ'ದ ಟ್ರೊಂಬೋನ್ ಸೋಲೋಗೆ ಎಫ್-ವಾಲ್ವ್ (ಕೊಳವೆಯನ್ನು ಉದ್ದ ಮಾಡುವ ಕೀಲಿ) ಏನೂ ಸಹಾಯ ಮಾಡದು, ಅದು ಕೆಳಗಿನ ಸ್ವರಗಳಿಗೆ. ತುದಿಯ ಡಿ-ಫ್ಲ್ಯಾಟ್ ಸ್ಲೈಡ್‌ನ (ಜಾರುಕೊಳವೆಯ) ಎರಡನೇ ಸ್ಥಾನದಲ್ಲಿ, ಹತ್ತನೇ ಹಾರ್ಮೋನಿಕ್.

ಮಾಹ್ಲರ್ ಐದನೇ ಸಿಂಫನಿಯ ಆರಂಭ ಬೇರೆಯೇ ಕತೆ. ಅಲ್ಲಿ ಟ್ರಂಪೆಟ್ ಒಂಟಿ, ಕೆಳಗಿನ ಸಿ-ಶಾರ್ಪ್ ಮೆಲ್ಲಗೆ ಮತ್ತೆ ಮತ್ತೆ ಬರಬೇಕು. ಬಿ-ಫ್ಲ್ಯಾಟ್ ವಾದ್ಯದಲ್ಲಿ ಅದಕ್ಕೆ ಎರಡನೇ, ಮೂರನೇ ವಾಲ್ವ್ (ಬೆರಳಿನಿಂದ ಒತ್ತುವ ಕೀಲಿ) ಒತ್ತಿದರೆ ಸಾಕು. ಸಿ-ಟ್ರಂಪೆಟ್‌ನಲ್ಲಿ ಮೂರೂ ಒತ್ತಬೇಕು, ಶ್ರುತಿ ಮೇಲೇರುತ್ತದೆ. ಸರಿಪಡಿಸಲು ಮೂರನೇ ವಾಲ್ವ್‌ನ ಸ್ಲೈಡ್ ಹೊರಗೆ ತಳ್ಳಬೇಕು. ಅಮೆರಿಕದಲ್ಲಿ ಸಿ-ಟ್ರಂಪೆಟ್ಟೇ ರೂಢಿ, ಅವರಿಗೆ ಅಭ್ಯಾಸ. ಎರಡೂ ಕೈಗೆ ಸಿಕ್ಕುವವರು ಇಲ್ಲಿ ಬಿ-ಫ್ಲ್ಯಾಟನ್ನೇ ಹಿಡಿಯುವುದು ಮೇಲು. ಸಿ ಹಿಡಿಯಲೇಬೇಕಾದರೆ ಆ ಸ್ಲೈಡನ್ನು ಉಂಗುರದಲ್ಲಿಟ್ಟ ಬೆರಳಿನಿಂದಲೇ ತಳ್ಳಿ ನೋಡಿ. ಕಡಲ ತಡಿಯ ಉಪ್ಪುಗಾಳಿಗೆ, ಮಳೆಗಾಲದಲ್ಲಿ ಪೆಟ್ಟಿಗೆಯಲ್ಲೇ ಬಿಟ್ಟ ವಾದ್ಯಕ್ಕೆ ಹಸಿರು ಕಿಲುಬು ಹಿಡಿದು ಮೊದಲು ಬಿಗಿಯುವುದು ಅದೇ. ಸ್ಲೈಡ್ ಬಿಚ್ಚಿ, ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು, ಒರೆಸಿ, ತೆಳ್ಳಗೆ ಸ್ಲೈಡ್ ಎಣ್ಣೆ ಹಚ್ಚಿ. ಕಟ್ಟಿಹೋಗಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ, ಕೊಳವೆ ಸೊಟ್ಟಗಾದೀತು, ರಿಪೇರಿಯವರಿಗೆ ಕೊಡಿ.