ತಗಡಿನ ಮೇಲೆ ತಿರುವಿ ಬರೆದ ಕವಿ

ಇಂಗ್ಲೆಂಡಿನ ಕವಿ ವಿಲಿಯಂ ಬ್ಲೇಕ್‌ನ ‘ಜೆರೂಸಲೆಮ್’ ಕಾವ್ಯದ ಎರಡನೆಯ ಅಧ್ಯಾಯದಲ್ಲಿ ಒಂದು ಪುಟವಿದೆ. ಪುಟದ ಕೆಳಭಾಗದಲ್ಲಿ ಆಲ್ಬಿಯನ್ ಎಂಬ ದೈತ್ಯಪುರುಷ ಮಂಡಿಗಳ ಮೇಲೆ ತಲೆಯೂರಿ ಕುಸಿದು ಕುಳಿತಿದ್ದಾನೆ. ಅವನ ಪಕ್ಕದಲ್ಲಿ ಬಿಚ್ಚಿಕೊಂಡ ಸುರುಳಿಯೊಂದರ ಮೇಲೆ ಕೆಲವು ಸಾಲುಗಳಿವೆ, ಆದರೆ ಅವನ್ನು ನೇರವಾಗಿ ಓದಲಾಗುವುದಿಲ್ಲ. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ಹೊರಳಿಕೊಂಡಿವೆ. ಕನ್ನಡಿ ಹಿಡಿದರೆ ಮಾತ್ರ ಅರ್ಥವಾಗುತ್ತವೆ. ಪ್ರತಿಯೊಬ್ಬನೂ ತನ್ನದೇ ಛಾಯಾರೂಪದ ಹಿಡಿತದಲ್ಲಿದ್ದಾನೆ, ಒಳಗಿನ ಮನುಷ್ಯತ್ವ ಎಚ್ಚೆತ್ತು ಆ ಛಾಯೆಯನ್ನು ಕೆರೆಗೆಸೆಯುವ ಗಳಿಗೆ ಬರುವ ತನಕ ಅದು ಹಾಗೆಯೇ ಇರುತ್ತದೆ ಎಂಬುದು ಆ ಸಾಲುಗಳ ತಾತ್ಪರ್ಯ.

ಲೋಹದ ತಗಡನ್ನು ಆಮ್ಲದಲ್ಲಿ ತಿನ್ನಿಸಿ ಅಚ್ಚು ತೆಗೆಯುವ ಎಚ್ಚಿಂಗ್ ಕಲಿಸುವುದು ನನ್ನ ವೃತ್ತಿ. ಆ ಪುಟದ ಪ್ರತಿಕೃತಿಯನ್ನು ವಿದ್ಯಾರ್ಥಿಗಳ ಮುಂದಿಟ್ಟಾಗಲೆಲ್ಲ, ಕವಿ ಇಲ್ಲಿ ಏಕೆ ತಿರುವಿ ಬರೆದ ಎಂದು ಅವರು ಕೇಳುತ್ತಾರೆ. ತಗಡಿನ ಕೆಲಸ ಬಲ್ಲವರಿಗೆ ಮಾತ್ರ ಹೊಳೆಯುವ ಉತ್ತರ ಇದಕ್ಕಿದೆ: ಆ ಪುಟದಲ್ಲಿ ಅವನು ತಿರುವಿ ಬರೆಯದೆ ಬಿಟ್ಟದ್ದು ಆ ಜಾಗದಲ್ಲಿ ಮಾತ್ರ. ತಗಡಿನ ಮೇಲಿರುವುದು ಕಾಗದದ ಮೇಲೆ ಎಡಬಲ ಬದಲಾಗಿ ಮೂಡುವುದರಿಂದ, ಆ ಪುಟದ ಉಳಿದ ಎಲ್ಲ ಸಾಲುಗಳನ್ನೂ ಅವನು ತಾಮ್ರದ ಮೇಲೆ ತಿರುವಿ ಬರೆದಿದ್ದ. ಸುರುಳಿಯ ಮೇಲಿನ ಸಾಲುಗಳನ್ನು ಮಾತ್ರ ನಾವು ನೀವು ಬರೆಯುವ ಹಾಗೆ ನೇರವಾಗಿ ಬರೆದು, ಅಚ್ಚಿನಲ್ಲಿ ಹೊರಳುವುದಕ್ಕೆ ಬಿಟ್ಟ. ತನ್ನ ಛಾಯೆಗೆ ಸಿಕ್ಕಿಬಿದ್ದ ಮನುಷ್ಯನ ಮಾತು ಹೊರಳಿದ ಅಕ್ಷರದಲ್ಲಿಯೇ ಇರಬೇಕು ಎಂಬ ನಿರ್ಧಾರ ಕವಿಯದೋ ಕುಶಲಕರ್ಮಿಯದೋ ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಬ್ಲೇಕ್‌ನನ್ನು ಕವಿಯೂ ಹೌದು, ಚಿತ್ರಕಾರನೂ ಹೌದು ಎಂದು ಎರಡು ಕಾಲಂಗಳಲ್ಲಿ ಪರಿಚಯಿಸುವ ರೂಢಿಗೆ ನನ್ನ ಆಕ್ಷೇಪ ಇರುವುದೂ ಇಲ್ಲಿಯೇ.

ಹೊಸಬರಿಗೆ ನಾನು ಕೊಡುವ ಮೊದಲ ಅಭ್ಯಾಸವೆಂದರೆ ತಗಡಿನ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ತಿರುವಿ ಬರೆಯುವುದು. ಹುಟ್ಟಿದಾಗಿನಿಂದ ಬಲಕ್ಕೆ ಚಾಚುತ್ತಿದ್ದ ತಲಕಟ್ಟು ಎಡಕ್ಕೆ ಚಾಚಬೇಕು, ಬಲಗಡೆ ಕೆಳಗೆ ಕೂರುವ ಒತ್ತಕ್ಷರ ಎಡಕ್ಕೆ ಬರಬೇಕು, ಅರ್ಕಾವತ್ತು ಅಕ್ಷರಕ್ಕೆ ಮೊದಲೇ ಸಿಗಬೇಕು. ಮೂರಕ್ಷರದ ಹೆಸರಿಗೆ ಕಾಲು ಗಂಟೆ ಹಿಡಿಯುತ್ತದೆ. ಆ ಕಾಲು ಗಂಟೆಯಲ್ಲಿ ಒಂದು ಬದಲಾವಣೆ ಕಣ್ಣಿಗೆ ಕಾಣುವಂತೆ ನಡೆಯುತ್ತದೆ: ಕೈ ಬರೆಯುವುದನ್ನು ನಿಲ್ಲಿಸಿ ಚಿತ್ರಿಸಲು ತೊಡಗುತ್ತದೆ. ಅಕ್ಷರ ಸದ್ದಾಗಿ ಉಳಿಯದೆ ಬಾಗು, ಬಳುಕು, ಖಾಲಿ ಜಾಗಗಳ ಆಕಾರವಾಗುತ್ತದೆ. ಬ್ಲೇಕ್ ಈ ಸ್ಥಿತಿಯಲ್ಲಿ ಸಾವಿರಾರು ಸಾಲುಗಳನ್ನು ಬರೆದ. ‘ಜೆರೂಸಲೆಮ್’ ಒಂದಕ್ಕೇ 100 ತಗಡುಗಳು.

ಅವನ ಕಾಲದ ಲಂಡನ್ನಿನಲ್ಲಿ ಸಚಿತ್ರ ಪುಸ್ತಕವೆಂದರೆ ಎರಡು ಅಚ್ಚುಕೂಟಗಳ ಕೆಲಸವಾಗಿತ್ತು. ಬರಹವನ್ನು ಸೀಸದ ಮೊಳೆಗಳಲ್ಲಿ ಜೋಡಿಸಿ, ಉಬ್ಬಿದ ಮೊಳೆಯ ತಲೆಗೆ ಶಾಯಿ ಹಚ್ಚಿ ಒತ್ತುತ್ತಿದ್ದರು. ಚಿತ್ರವನ್ನು ತಾಮ್ರದಲ್ಲಿ ಕೊರೆದು, ಕೊರೆದ ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಉರುಳೆಯಂತ್ರದ ಭಾರೀ ಒತ್ತಡದಲ್ಲಿ ಹಾಯಿಸುತ್ತಿದ್ದರು. ಒಂದು ಉಬ್ಬಿನ ಅಚ್ಚು, ಇನ್ನೊಂದು ತಗ್ಗಿನ ಅಚ್ಚು; ಯಂತ್ರ ಬೇರೆ, ಒತ್ತಡ ಬೇರೆ, ಕೆಲಸಗಾರರೂ ಬೇರೆ. 1772ರಲ್ಲಿ ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷಗಳ ಕಲಿಕೆಗೆ ಸೇರಿದ್ದ ಬ್ಲೇಕ್‌ಗೆ ಈ ವಿಭಜನೆಯ ಒಳಹೊರಗು ಗೊತ್ತಿತ್ತು. 1788ರ ಹೊತ್ತಿಗೆ ಅವನು ಅದನ್ನು ಮುರಿಯುವ ದಾರಿ ಕಂಡುಕೊಂಡ. ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ರಾಬರ್ಟ್ ಕಾಣಿಸಿಕೊಂಡು ಆ ವಿಧಾನವನ್ನು ಹೇಳಿಕೊಟ್ಟನೆಂದು ಅವನು ನಂಬಿದ್ದ. 1793ರ ತನ್ನ ಪ್ರಕಟಣೆಯಲ್ಲಿ ಇದನ್ನು ಚಿತ್ರಕಾರನನ್ನೂ ಕವಿಯನ್ನೂ ಒಂದುಗೂಡಿಸುವ ಮುದ್ರಣ ವಿಧಾನವೆಂದು ಕರೆದುಕೊಂಡ.

ವಿಧಾನವನ್ನು ಹೇಳುವುದು ಸುಲಭ. ಆಮ್ಲ ತಿನ್ನಲಾಗದ ಅರಗಿನಂಥ ದ್ರವದಲ್ಲಿ ಗರಿಲೇಖನಿಯನ್ನೋ ಕುಂಚವನ್ನೋ ಅದ್ದಿ, ತಾಮ್ರದ ತಗಡಿನ ಮೇಲೆ ಪದ್ಯವನ್ನೂ ಚಿತ್ರವನ್ನೂ ಬರೆಯಬೇಕು. ತಗಡಿನ ಅಂಚಿಗೆ ಮೇಣದ ಕಟ್ಟೆ ಕಟ್ಟಿ ನೈಟ್ರಿಕ್ ಆಮ್ಲ ಸುರಿದರೆ, ಬರೆಯದೆ ಬಿಟ್ಟ ಜಾಗವನ್ನೆಲ್ಲ ಆಮ್ಲ ತಿಂದು ತಗ್ಗು ಮಾಡುತ್ತದೆ. ದ್ರವವನ್ನು ತೊಳೆದಾಗ ಅಕ್ಷರವೂ ಎಲೆಯೂ ಮನುಷ್ಯನೂ ಒಂದೇ ಮಟ್ಟದಲ್ಲಿ ಉಬ್ಬಿ ನಿಂತಿರುತ್ತವೆ. ಅವುಗಳ ತಲೆಗೆ ಶಾಯಿ ತಗುಲಿಸಿ, ಉರುಳೆಯಂತ್ರದಲ್ಲಿಯೇ ಹಗುರ ಒತ್ತಡದಲ್ಲಿ ಹಾಯಿಸಿದರೆ ಪುಟ ಸಿದ್ಧ.

ಮಾಡುವುದು ಅಷ್ಟು ಸುಲಭವಲ್ಲ. ಆಮ್ಲ ಕೆಳಕ್ಕಷ್ಟೇ ಇಳಿಯುವುದಿಲ್ಲ, ಪಕ್ಕಕ್ಕೂ ಸರಿಯುತ್ತದೆ. ತೆಳುವಾದ ಗೆರೆಯ ಬುಡವನ್ನು ಎರಡೂ ಕಡೆಯಿಂದ ತಿನ್ನುತ್ತಾ ಹೋಗಿ ಕೊನೆಗೆ ಗೆರೆಯನ್ನೇ ಬೀಳಿಸುತ್ತದೆ. ಈ ವಿಧಾನವನ್ನು ಮೊದಲ ಬಾರಿ ಪ್ರಯತ್ನಿಸಿದಾಗ ನಾನು ಎಂಟು ಸಾಲಿನ ಒಂದು ಬರಹವನ್ನು ತಗಡಿಗಿಳಿಸಿದ್ದೆ. ಆಳ ಸಾಲದೆಂಬ ಆತಂಕದಲ್ಲಿ ತಗಡನ್ನು ಆಮ್ಲದಲ್ಲಿ ಇನ್ನಷ್ಟು ಹೊತ್ತು ಬಿಟ್ಟೆ. ತೊಳೆದು ನೋಡಿದರೆ ಸೊನ್ನೆಗಳೂ ಕೊಂಬುಗಳೂ ಕಳಚಿಹೋಗಿ, ದಪ್ಪ ಹೊಟ್ಟೆಯ ಅಕ್ಷರಗಳು ಮಾತ್ರ ಉಳಿದಿದ್ದವು. ಆ ನಷ್ಟದಿಂದ ಬ್ಲೇಕ್‌ನ ಎರಡು ಸಂಗತಿಗಳು ನನಗೆ ಅರ್ಥವಾದವು. ಅವನ ತಗಡುಗಳ ತಗ್ಗು ಏಕೆ ಅಷ್ಟು ಕಡಿಮೆ ಎಂಬುದು ಒಂದು: ಉಳಿದಿರುವ ಒಂದೇ ಒಂದು ಚೂರಿನಲ್ಲಿ ಆ ಆಳ ಒಂದು ಮಿಲಿಮೀಟರಿನ ಸಣ್ಣ ಪಾಲಷ್ಟೇ. ಬಳ್ಳಿ, ಹಕ್ಕಿ, ಹುಳು, ಸಣ್ಣ ಸಣ್ಣ ಮನುಷ್ಯರು ಅವನ ಸಾಲುಗಳ ನಡುವೆ ಏಕೆ ಅಷ್ಟು ಒತ್ತಾಗಿ ತುಂಬಿಕೊಂಡಿದ್ದಾರೆ ಎಂಬುದು ಇನ್ನೊಂದು. ತಗ್ಗು ಕಡಿಮೆಯಿದ್ದಾಗ ವಿಶಾಲವಾದ ಖಾಲಿ ಜಾಗಕ್ಕೆ ಶಾಯಿ ತಗುಲಿ ಕಾಗದ ಕೊಳೆಯಾಗುತ್ತದೆ. ಖಾಲಿ ಜಾಗದಲ್ಲಿ ಉಬ್ಬಿದ ಗೆರೆಗಳಿದ್ದರೆ ಶಾಯಿ ಹಚ್ಚುವ ಉಂಡೆ ಅವುಗಳ ಮೇಲೆಯೇ ತೇಲಿ ಸಾಗುತ್ತದೆ. ಅಕ್ಷರದ ಬಾಲ ಬಳ್ಳಿಯಾಗಿ ಬೆಳೆದು ಅಂಚಿನ ಮರಕ್ಕೆ ಹಬ್ಬುವುದು ಕಲ್ಪನೆಯ ಉಲ್ಲಾಸ ನಿಜ, ಆದರೆ ಅದು ತಗಡಿನ ಅಗತ್ಯವೂ ಆಗಿತ್ತು. ಆ ಅಗತ್ಯವನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡ ಇನ್ನೊಬ್ಬ ಕವಿಯನ್ನು ನಾನು ಕಂಡಿಲ್ಲ.

19ನೆಯ ಶತಮಾನದ ಮೊದಲ ಕಾಲು ಭಾಗದಲ್ಲಿ ಅವನು ಮಾಡಿದ ಎರಡು ದೊಡ್ಡ ಪುಸ್ತಕಗಳು ‘ಮಿಲ್ಟನ್’ ಮತ್ತು ‘ಜೆರೂಸಲೆಮ್’. ಎರಡರ ಶೀರ್ಷಿಕೆ ಪುಟದಲ್ಲಿಯೂ 1804 ಎಂದಿದೆ. ಇಂಗ್ಲೆಂಡಿನಲ್ಲಿ ‘ಜೆರೂಸಲೆಮ್’ ಎಂಬ ಹೆಸರಿನಲ್ಲಿ ಹಾಡುವ ಪ್ರಸಿದ್ಧ ಗೀತೆ ನಿಜಕ್ಕೂ ‘ಮಿಲ್ಟನ್’ನ ಮುನ್ನುಡಿಯದು, ಅದಕ್ಕೆ ರಾಗ ಸಿಕ್ಕಿದ್ದು 1916ರಲ್ಲಿ. ‘ಮಿಲ್ಟನ್’ನ ನಾಲ್ಕೇ ಪ್ರತಿಗಳಿವೆ. ‘ಜೆರೂಸಲೆಮ್’ನ ಪೂರ್ಣ ಪ್ರತಿಗಳಲ್ಲಿ ಅವನು ಬಣ್ಣ ತುಂಬಿದ್ದು ಒಂದಕ್ಕೆ ಮಾತ್ರ, ಅದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿದೆ. ಪ್ರತಿ ಪುಟವೂ ಬಿಡಿ ತಗಡಾಗಿದ್ದುದರಿಂದ ಎರಡನೆಯ ಅಧ್ಯಾಯದ ಪುಟಗಳ ಕ್ರಮ ಎಲ್ಲ ಪ್ರತಿಗಳಲ್ಲಿ ಒಂದೇ ಅಲ್ಲ. ಮೊಳೆ ಜೋಡಿಸಿದ ಪುಸ್ತಕದಲ್ಲಿ ಅಂಥದ್ದನ್ನು ತಪ್ಪು ಎನ್ನುತ್ತಿದ್ದೆವು, ಇಲ್ಲಿ ಹಾಗೆ ಹೇಳುವಂತಿಲ್ಲ. 1827ರ ಏಪ್ರಿಲ್‌ನಲ್ಲಿ, ಸಾವಿಗೆ ನಾಲ್ಕು ತಿಂಗಳ ಮೊದಲು, ಅವನು ಗೆಳೆಯ ಜಾರ್ಜ್ ಕಂಬರ್‌ಲ್ಯಾಂಡ್‌ಗೆ ಬರೆದ ಪತ್ರದಲ್ಲಿ ಒಂದು ಪ್ರತಿ ಮುಗಿಸಿದ್ದೇನೆಂದೂ, ಇನ್ನೊಂದನ್ನು ಅಚ್ಚು ಹಾಕಲು 20 ಗಿನಿಯಷ್ಟು ಬೆಲೆಯ ತನ್ನ ಸಮಯ ಬೇಕೆಂದೂ, 100 ತಗಡುಗಳ ಈ ಪುಸ್ತಕಕ್ಕೆ ಗಿರಾಕಿ ಸಿಗುವುದು ಸಂಶಯವೆಂದೂ ಹೇಳಿದ್ದಾನೆ.

ಈ ಕೆಲಸದಲ್ಲಿ ಅವನ ಜೊತೆ ಇನ್ನೊಂದು ಜೊತೆ ಕೈಗಳಿದ್ದವು. 1782ರಲ್ಲಿ ಮದುವೆಯ ದಾಖಲೆಗೆ ಸಹಿಯ ಬದಲು ಕತ್ತರಿ ಗುರುತು ಹಾಕಿದ ಅವನ ಹೆಂಡತಿ ಕ್ಯಾಥರಿನ್, ಮುಂದೆ ಓದುಬರಹದ ಜೊತೆಗೆ ಯಂತ್ರ ನಡೆಸುವುದನ್ನೂ ಪುಟಗಳಿಗೆ ಬಣ್ಣ ತುಂಬುವುದನ್ನೂ ಕಲಿತಳು. ಉಬ್ಬಚ್ಚಿನಲ್ಲಿ ಶಾಯಿಯ ಕೈ ಮತ್ತು ಕಾಗದದ ಕೈ ಬೇರೆಯಾಗಿದ್ದರೆ ಮಾತ್ರ ಕೆಲಸ ಶುಚಿಯಾಗಿ ಸಾಗುತ್ತದೆ ಎಂಬುದು ಒಂದು ದಿನ ಒಂಟಿಯಾಗಿ ಅಚ್ಚು ತೆಗೆದ ಯಾರಿಗೂ ತಿಳಿಯುತ್ತದೆ. ಆದ್ದರಿಂದ ಆಕೆಯ ಪಾಲನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಬ್ಲೇಕ್‌ನ ಬರಹ ಮುಂದಿನ ತಲೆಮಾರಿಗೆ ದಾಟಿದ್ದು ಮತ್ತೊಬ್ಬ ಚಿತ್ರಕಾರ ಕವಿಯ ಕೈಯಿಂದ. 1847ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಡಾಂಟೆ ಗೇಬ್ರಿಯಲ್ ರೊಸೆಟ್ಟಿ 10 ಶಿಲಿಂಗ್ ಕೊಟ್ಟು ಬ್ಲೇಕ್‌ನ ಕರಡು ಪುಸ್ತಕವನ್ನು ಕೊಂಡ. 1863ರಲ್ಲಿ ಅಲೆಕ್ಸಾಂಡರ್ ಗಿಲ್‌ಕ್ರಿಸ್ಟ್ ಬರೆದ ಬ್ಲೇಕ್ ಚರಿತ್ರೆ ಹೊರಬಂದಾಗ ಅದರ ಎರಡನೆಯ ಸಂಪುಟಕ್ಕೆ ಕವಿತೆಗಳನ್ನು ಸಂಪಾದಿಸಿ ಕೊಟ್ಟವನು ಅವನೇ. ಅದು ದೊಡ್ಡ ಉಪಕಾರ. ಆದರೆ ಆ ಕವಿತೆಗಳು ಮೊಳೆಯಚ್ಚಿನಲ್ಲಿ, ಅಲ್ಲಲ್ಲಿ ಪದಗಳನ್ನು ತಿದ್ದಿಸಿಕೊಂಡು ಬಂದವು. ರೊಸೆಟ್ಟಿ ಸ್ವತಃ ತನ್ನ ಚಿತ್ರಗಳಿಗೆ ಸುನೀತಗಳನ್ನು ಬರೆದು ಚೌಕಟ್ಟಿನ ಮೇಲೆ ಹಾಕಿಸುತ್ತಿದ್ದವನು. 1874ರ ‘ಪ್ರಾಸರ್‌ಪೈನ್’ ಚಿತ್ರದಲ್ಲಿ ಇಟಾಲಿಯನ್ ಸುನೀತವೊಂದು ಚಿತ್ರದೊಳಗೇ ಮೇಲಿನ ಮೂಲೆಯಲ್ಲಿದೆ. ಅಲ್ಲಿಯೂ ಪದ್ಯ ಚಿತ್ರದ ನೆರೆಮನೆಯಲ್ಲಿ ವಾಸವಾಗಿದೆಯಷ್ಟೆ. ಸುನೀತವನ್ನು ತೆಗೆದು ಪುಸ್ತಕದಲ್ಲಿ ಅಚ್ಚು ಹಾಕಿದರೆ ಅದಕ್ಕೆ ಹೆಚ್ಚು ನಷ್ಟವಿಲ್ಲ. ಬ್ಲೇಕ್‌ನ ಪದ್ಯವನ್ನು ಹಾಗೆ ಕಿತ್ತು ತರುವಾಗ ಬೇರು ಹರಿಯುತ್ತದೆ.

ಕೈಬರಹವೇ ಅಚ್ಚಾಗುವುದು ಕನ್ನಡಕ್ಕೂ ಹೊಸದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮೊದಲು ಹೊರಬಂದದ್ದು ಕಲ್ಲಚ್ಚಿನಲ್ಲಿ. ಅಲ್ಲಿ ಕಾಣುವುದು ಮೊಳೆಯ ಅಕ್ಷರವಲ್ಲ, ಬರೆದ ಅಕ್ಷರ. ಬ್ಲೇಕ್ ಕೂಡ ಒಮ್ಮೆ ಕಲ್ಲಚ್ಚಿನಲ್ಲಿ ಕೈಯಾಡಿಸಿದ್ದ, ಆದರೆ ತಾಮ್ರವನ್ನು ಬಿಡಲಿಲ್ಲ.

ತಾಮ್ರವನ್ನು ಆರಿಸಿಕೊಂಡವನು ಅದರ ಕಠಿಣ ನಿಯಮವೊಂದನ್ನೂ ಒಪ್ಪಿಕೊಳ್ಳಬೇಕು. ಉಬ್ಬಿದ ಅಕ್ಷರವನ್ನು ಉಳಿಯಿಂದ ಕೆರೆದು ತೆಗೆಯಬಹುದು, ಆದರೆ ತೆಗೆದ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಬಹಳ ಕಷ್ಟ. ‘ಜೆರೂಸಲೆಮ್’ನ ಮೂರನೆಯ ತಗಡು ಓದುಗರನ್ನುದ್ದೇಶಿಸಿದ ಮುನ್ನುಡಿ. ಪ್ರಿಯ ಓದುಗನೇ, ನಿನಗೆ ಒಪ್ಪದ್ದನ್ನು ಕ್ಷಮಿಸು, ನನ್ನ ಪ್ರತಿಭೆಯ ಈ ಹುರುಪಿನ ದುಡಿಮೆಗಾಗಿ ನನ್ನನ್ನು ಪ್ರೀತಿಸು ಎಂಬುದು ಅದರಲ್ಲಿನ ಒಂದು ವಾಕ್ಯ. ಹಾಗೆ ಬರೆದು ಆಮ್ಲದಲ್ಲಿ ತಿನ್ನಿಸಿದ ಮೇಲೆ ಬ್ಲೇಕ್ ಯಾವುದೋ ದಿನ ಉಳಿ ಹಿಡಿದು ‘ಪ್ರಿಯ’, ‘ಕ್ಷಮಿಸು’, ‘ಪ್ರೀತಿಸು’ ಎಂಬ ಪದಗಳನ್ನು ಕೆರೆದು ಹಾಕಿದ. 1809ರಲ್ಲಿ ಅಣ್ಣನ ಅಂಗಡಿಯಲ್ಲಿ ಏರ್ಪಡಿಸಿದ್ದ ಪ್ರದರ್ಶನ ಸೋತದ್ದು, ಅದಕ್ಕೆ ಬಂದ ಒಂದೇ ವಿಮರ್ಶೆ ಅವನನ್ನು ಹುಚ್ಚನೆಂದು ಕರೆದದ್ದು ಆ ಕೈಯ ಹಿಂದೆ ಇದ್ದಿರಬೇಕೆಂದು ನನಗೆ ಅನಿಸುತ್ತದೆ. 1960ರ ದಶಕದಲ್ಲಿ ಡೇವಿಡ್ ಅರ್ಡ್‌ಮನ್ ಎಂಬ ವಿದ್ವಾಂಸ ಅಳಿದುಳಿದ ಅಕ್ಷರದ ಚೂರುಗಳನ್ನು ಹಿಡಿದು ಆ ಪದಗಳನ್ನು ಓದಿದ. ಅಂದಿನಿಂದ ಮೊಳೆಯಚ್ಚಿನ ಆವೃತ್ತಿಗಳು ಅವನ್ನು ಆವರಣ ಚಿಹ್ನೆಯೊಳಗೆ ಮರಳಿ ಸೇರಿಸುತ್ತಿವೆ, ವಾಕ್ಯ ಪೂರ್ಣವಾಗಿ ಓದಿಸಿಕೊಳ್ಳುತ್ತದೆ. ಬ್ಲೇಕ್ ಬಣ್ಣ ಹಾಕಿ ಮುಗಿಸಿದ ಪುಟದಲ್ಲಿ ಮಾತ್ರ ಆ ವಾಕ್ಯ ‘ಓದುಗನೇ’ ಎಂದು ತೊಡಗಿ ನಡುನಡುವೆ ನಿಲ್ಲುತ್ತದೆ. ‘ಪ್ರೀತಿಸು’ ಇದ್ದ ಕಡೆ ಒಂದು ಪದದಷ್ಟು ಅಗಲದ ಬರಿಯ ಕಾಗದವಿದೆ.