ಟೆಂಡರ್‌ನಲ್ಲಿ ಜಿಬಿಪಿಎಸ್ ಬರೆಯುವ ಮೊದಲು

ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಹೈಸ್ಪೀಡ್ ಜಾಲಕ್ಕೆ ಟೆಂಡರ್ ತಯಾರಿಸುವ ಸರ್ಕಾರಿ ಸಮಿತಿಗಳಲ್ಲಿ ನಾನು ಹಲವು ಸಲ ಕೂತಿದ್ದೇನೆ. ಮೊದಲ ಸಭೆಯಲ್ಲೇ ಯಾರಾದರೂ ಕೇಳುತ್ತಾರೆ: "10 ಜಿಬಿಪಿಎಸ್ ಸಾಕಾ, 100 ಬೇಕಾ?" (1 ಜಿಬಿಪಿಎಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಬಿಟ್ ಡೇಟಾ ಸಾಗಿಸುವ ವೇಗ.) ದಯವಿಟ್ಟು ಆ ದಿನ ಇದಕ್ಕೆ ಉತ್ತರ ಕೊಡಬೇಡಿ.

ಮೊದಲು ವಿಜ್ಞಾನಿಗಳ ಹತ್ತಿರ ಹೋಗಿ ಕೂತು ಮಾತಾಡಿ. ಎಷ್ಟು ವೇಗ ಬೇಕು ಅಂತ ಅವರನ್ನು ಕೇಳಿದರೆ ಪ್ರಯೋಜನವಿಲ್ಲ, ಅವರ ಕೆಲಸದ ಬಗ್ಗೆ ಕೇಳಿ. ನಿಮ್ಮ ಉಪಕರಣದಿಂದ ದಿನಕ್ಕೆ ಎಷ್ಟು ಡೇಟಾ ಬರುತ್ತದೆ? ಅದು ಎಲ್ಲಿಗೆ ಹೋಗಬೇಕು? ಎಷ್ಟು ಹೊತ್ತಿನಲ್ಲಿ ತಲುಪದಿದ್ದರೆ ಮುಂದಿನ ಕೆಲಸ ನಿಲ್ಲುತ್ತದೆ? ಇನ್ನು ಐದು ವರ್ಷದಲ್ಲಿ ಯಾವ ಹೊಸ ಉಪಕರಣ ಬರಲಿದೆ? ಅಮೆರಿಕದ ಇಂಧನ ಇಲಾಖೆಯ ಇಎಸ್‌ನೆಟ್ ಜಾಲದವರು ಒಂದೊಂದು ವಿಜ್ಞಾನ ಕ್ಷೇತ್ರದವರ ಜೊತೆಗೂ ಇಂಥ ಮಾತುಕತೆ ನಡೆಸುತ್ತಾರೆ. ಉತ್ತರ ಸಿಕ್ಕ ಮೇಲೆ ಉಳಿಯುವುದು ಬರೀ ಗುಣಾಕಾರ, ಭಾಗಾಕಾರ. ಒಂದು ಟೆರಾಬೈಟ್ (ಎಂಟು ಲಕ್ಷ ಕೋಟಿ ಬಿಟ್) ಸಾಗಿಸಲು 1 ಜಿಬಿಪಿಎಸ್‌ನ ಹತ್ತನೇ ಒಂದು ಭಾಗವಾದ 100 ಎಂಬಿಪಿಎಸ್‌ನಲ್ಲಿ ಸುಮಾರು 22 ಗಂಟೆ ಬೇಕು. 1 ಜಿಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ, 10 ಜಿಬಿಪಿಎಸ್‌ನಲ್ಲಿ 13 ನಿಮಿಷ ಚಿಲ್ಲರೆ. ಅದೂ ದಾರಿ ಪೂರ್ತಿ ಖಾಲಿ ಇದ್ದು, ಮಧ್ಯೆ ಏನೂ ಕಳೆದುಹೋಗದಿದ್ದರೆ.

ಕಳೆದುಹೋಗುವುದೇ ದೊಡ್ಡ ತೊಂದರೆ. ಒಂದು ಸಂಸ್ಥೆಗೆ 10 ಜಿಬಿಪಿಎಸ್ ಲಿಂಕ್ ಬಂದು ವರ್ಷವಾಗಿತ್ತು. ಆದರೂ ಅಲ್ಲಿನ ಸಂಶೋಧಕರು ಹಾರ್ಡ್ ಡಿಸ್ಕ್‌ಗಳನ್ನು ಕೊರಿಯರ್‌ನಲ್ಲೇ ಕಳಿಸುತ್ತಿದ್ದರು. ಕಂಪನಿ ಕೊಟ್ಟ ಲಿಂಕ್‌ನಲ್ಲಿ ದೋಷವಿರಲಿಲ್ಲ, ಬಿಲ್ ಕೂಡ ಪಾಸಾಗಿತ್ತು. ತೊಂದರೆ ಇದ್ದದ್ದು ಕ್ಯಾಂಪಸ್ ಬಾಗಿಲಲ್ಲಿ ಒಳಹೊರಗೆ ಹೋಗುವ ಡೇಟಾವನ್ನು ತಪಾಸಣೆ ಮಾಡುವ ಫೈರ್‌ವಾಲ್‌ನಲ್ಲಿ. ಸಾವಿರಾರು ಜನರ ಇಮೇಲ್, ಬ್ರೌಸಿಂಗ್‌ಗೆ ಅದು ಚೆನ್ನಾಗಿಯೇ ಇತ್ತು. ಒಂದೇ ದೊಡ್ಡ ಡೇಟಾ ಹರಿವು ಬಂದಾಗ ಮಾತ್ರ ಅದರ ಬಫರ್ (ಡೇಟಾ ಸ್ವಲ್ಪ ಹೊತ್ತು ಕಾಯುವ ಜಾಗ) ತುಂಬಿ, ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಂಡುಗಳು, ಬಿದ್ದುಹೋಗುತ್ತಿದ್ದವು.

ನಾಲ್ಕು ಪ್ಯಾಕೆಟ್ ಹೋದರೆ ಏನಾಯ್ತು ಅನಿಸಬಹುದು, ಅಲ್ವಾ? ಡೇಟಾ ತಲುಪಿತಾ ಅಂತ ನೋಡಿಕೊಂಡು ಕಳಿಸುವ ನಿಯಮಾವಳಿಯಾದ ಟಿಸಿಪಿ, ಒಂದು ಪ್ಯಾಕೆಟ್ ಕಳೆದರೂ ದಾರಿಯಲ್ಲಿ ದಟ್ಟಣೆ ಇದೆ ಅಂದುಕೊಂಡು ವೇಗ ಇಳಿಸುತ್ತದೆ, ಆಮೇಲೆ ನಿಧಾನವಾಗಿ ಏರಿಸುತ್ತದೆ. ದೂರ ಹೆಚ್ಚಿದಷ್ಟೂ ಆ ಏರಿಕೆ ನಿಧಾನ. ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ 10 ಜಿಬಿಪಿಎಸ್ ದಾರಿಯನ್ನು ತುಂಬಿಸಿಡಬೇಕಾದರೆ ಯಾವಾಗಲೂ 125 ಮೆಗಾಬೈಟ್ ಡೇಟಾ ದಾರಿಯಲ್ಲೇ ಇರಬೇಕು. ಇಎಸ್‌ನೆಟ್‌ನಲ್ಲೇ ಒಮ್ಮೆ ರೂಟರ್‌ನ ಒಂದು ಕಾರ್ಡ್ ಕೆಟ್ಟು 22,000 ಪ್ಯಾಕೆಟ್‌ಗೆ ಒಂದನ್ನು ಬೀಳಿಸುತ್ತಿತ್ತು. ರೂಟರ್ ತಾನಾಗಿ ಯಾವ ದೋಷವನ್ನೂ ತೋರಿಸಲಿಲ್ಲ. ಆದರೆ ದೂರದ ಡೇಟಾ ಸಾಗಣೆ ಕುಸಿದುಹೋಗಿತ್ತು. ಬೇರೆಯಾಗಿ ನಡೆಸುತ್ತಿದ್ದ ಅಳತೆಯಿಂದ ಅದು ಸಿಕ್ಕಿಬಿತ್ತು.

ಹಾಗಾಗಿ ಡೇಟಾ ಸಾಗಿಸುವ ಸರ್ವರ್‌ಗಳಿಗೆ ಕ್ಯಾಂಪಸ್ ಅಂಚಿನಲ್ಲೇ ಬೇರೆ ಜಾಗ, ಬೇರೆ ಭದ್ರತಾ ನಿಯಮ ಮಾಡಿ. ಇದನ್ನು ಸೈನ್ಸ್ ಡಿಎಂಜೆಡ್ ಅನ್ನುತ್ತಾರೆ. ಪರ್ಫ್‌ಸೋನಾರ್‌ನಂಥ ತಂತ್ರಾಂಶದಿಂದ ವೇಗ, ಪ್ಯಾಕೆಟ್ ನಷ್ಟ ಅಳೆಯುವ ಪೆಟ್ಟಿಗೆಗಳೂ ಪ್ರತಿ ಜಾಗದಲ್ಲಿ ಇರಲಿ. ಒಟ್ಟು ಯೋಜನೆಯ ಮುಂದೆ ಇವುಗಳ ಖರ್ಚು ಕಡಿಮೆ. ಟೆಂಡರ್‌ನಲ್ಲಿ ಇವು ಬಿಟ್ಟುಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಬೇಸರವಾಗುತ್ತದೆ.

ಬೆಳವಣಿಗೆಯ ಅಂದಾಜು ಇನ್ನೊಂದು ಕಷ್ಟದ ಕೆಲಸ. ಅಮೆರಿಕದ ಸಂಶೋಧನಾ ಜಾಲವಾಗಿದ್ದ ಎನ್‌ಎಸ್‌ಎಫ್‌ನೆಟ್ 1986ರಲ್ಲಿ 56 ಕೆಬಿಪಿಎಸ್‌ನಲ್ಲಿ ಶುರುವಾಯಿತು. 1988ರಲ್ಲಿ 1.5 ಎಂಬಿಪಿಎಸ್‌ಗೆ ಏರಿತು, 1992ರ ಹೊತ್ತಿಗೆ 45 ಎಂಬಿಪಿಎಸ್ ಆಗಿತ್ತು. ಆರು ವರ್ಷದಲ್ಲಿ 800 ಪಟ್ಟು! ಇಂಥ ಬೆಳವಣಿಗೆಯನ್ನು ಮೊದಲೇ ಸರಿಯಾಗಿ ಊಹಿಸಲು ಆಗುವುದಿಲ್ಲ. ಆದರೆ ಜಾಸ್ತಿ ಬೇಕಾದಾಗ ಹೊಸ ಟೆಂಡರ್ ಇಲ್ಲದೆ ಏರಿಸಿಕೊಳ್ಳುವ ಷರತ್ತನ್ನು, ಏರಿಕೆಯ ದರದ ಸಮೇತ, ಮೊದಲ ಒಪ್ಪಂದದಲ್ಲೇ ಬರೆಯಬಹುದು. ಡಾರ್ಕ್ ಫೈಬರ್ (ಉಪಕರಣ ಜೋಡಿಸದ ಬರೀ ಕೇಬಲ್) ಮತ್ತು ಉಪಕರಣಗಳನ್ನು ಬೇರೆ ಬೇರೆ ಒಪ್ಪಂದದಲ್ಲಿ ಇಡುವುದೂ ಒಳ್ಳೆಯದು. ಫೈಬರ್ ದಶಕಗಟ್ಟಲೆ ಬಾಳುತ್ತದೆ, ರೂಟರ್ ಅದಕ್ಕಿಂತ ಬಹಳ ಬೇಗ ಹಳತಾಗುತ್ತದೆ.

ಒಂದು ಕೇಬಲ್ ಕಡಿದರೆ ಇನ್ನೊಂದು ಇರಲಿ ಅಂತ ಎರಡು ದಾರಿ ಕೊಡುತ್ತೇವೆ ಅಂದವರಿಂದ ನಕ್ಷೆ ಕೇಳಿ ಪಡೆಯಿರಿ. ಎರಡೂ ಕೇಬಲ್ ಒಂದೇ ಗುಂಡಿಯಲ್ಲಿದ್ದರೆ ಒಂದು ಜೆಸಿಬಿ ಎರಡನ್ನೂ ಕತ್ತರಿಸುತ್ತದೆ.

ಇನ್ನು ಪರೀಕ್ಷೆ. ಲಿಂಕ್‌ನ ದೀಪ ಹಸಿರಾಗಿದೆ ಅಂತ ಹಣ ಬಿಡುಗಡೆ ಮಾಡಬೇಡಿ. ಒಂದು ಸಂಸ್ಥೆಯ ಡಿಸ್ಕ್‌ನಿಂದ ಅತಿ ದೂರದ ಸಂಸ್ಥೆಯ ಡಿಸ್ಕ್‌ಗೆ ನಿಜವಾದ ಸಂಶೋಧನಾ ಡೇಟಾ ಹೋಗಬೇಕು, ಹಲವು ದಿನ, ಒಪ್ಪಿಕೊಂಡ ಸಮಯದೊಳಗೆ. ಯಾವ ಭಾಗಕ್ಕೆ ಕಂಪನಿ ಹೊಣೆ, ಯಾವುದಕ್ಕೆ ಸಂಸ್ಥೆ ಹೊಣೆ ಅನ್ನುವುದನ್ನೂ ಟೆಂಡರ್‌ನಲ್ಲೇ ಬರೆದಿಡಿ. ಈ ಪರೀಕ್ಷೆಗೆ ವೇಳಾಪಟ್ಟಿಯಲ್ಲಿ ಕನಿಷ್ಠ ಎರಡು ತಿಂಗಳು ಇಡಿ, ಆರ್ಥಿಕ ವರ್ಷದ ಕೊನೆಯ ವಾರಗಳನ್ನು ಬಿಟ್ಟು. ಆ ವಾರಗಳಲ್ಲಿ ಎಲ್ಲರ ಗಮನ ಅನುದಾನ ವಾಪಸ್ ಹೋಗದಂತೆ ನೋಡಿಕೊಳ್ಳುವುದರ ಮೇಲಿರುತ್ತದೆ. ಪ್ಯಾಕೆಟ್ ಎಲ್ಲಿ ಬೀಳುತ್ತಿದೆ ಅಂತ ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ.