ಒಂದು ಕಂಪ್ಯೂಟರ್ ಆನ್ ಮಾಡಿದರೆ ಇನ್ನೊಂದರ ನೆಟ್ ಹೋಗುವುದು ಯಾಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ. ತುಲಾಮಾಸದ ಸಿಡಿಲಿಗೆ ಎರಡು ಕಂಪ್ಯೂಟರ್‌ಗಳ ಲ್ಯಾನ್ ಪೋರ್ಟ್ ಸುಟ್ಟುಹೋಯಿತು. ಎರಡಕ್ಕೂ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಂದು ಸಿಕ್ಕಿಸಿದೆ. ಒಂದೇ ಆನ್ ಇದ್ದರೆ ನೆಟ್ ಚೆನ್ನಾಗಿ ಬರುತ್ತದೆ. ಎರಡೂ ಆನ್ ಆದರೆ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ. ಲೈನ್‌ನವರು ಮೋಡೆಮ್ ಸರಿ ಇದೆ ಎಂದು ಹೋದರು. ಬೇರೆ ಬೇರೆ ಐಪಿ ಕೊಟ್ಟರೂ ಅದೇ ಕಥೆ. ಏನು ಮಾಡಲಿ?

ಉತ್ತರ: ಲೈನ್‌ನವರು ಹೇಳಿದ್ದು ಸರಿ, ಅವರನ್ನು ಬೈಯಬೇಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಗೆಟ್‌ಮ್ಯಾಕ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರುವ ಹನ್ನೆರಡು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಇರಬೇಕು ಎಂದು ನನ್ನ ಊಹೆ. ನನ್ನ ಮೇಜಿನ ಖಾನೆಯಲ್ಲೂ ಅಂಥದೊಂದು ಜೋಡಿ ಉಂಟು, ಕೊನೆಯ ಅಕ್ಷರದವರೆಗೂ ಅವಳಿ.

ಅದು ಮ್ಯಾಕ್ ಅಡ್ರೆಸ್. 48 ಬಿಟ್‌ಗಳ ಈ ವಿಳಾಸದ ಮೊದಲರ್ಧವನ್ನು ಐಟ್ರಿಪಲ್‌ಇ ಸಂಸ್ಥೆ ತಯಾರಕರಿಗೆ ಕೊಡುತ್ತದೆ, ಉಳಿದರ್ಧವನ್ನು ತಯಾರಕರು ಒಂದೊಂದು ಉಪಕರಣಕ್ಕೂ ಬೇರೆ ಬೇರೆಯಾಗಿ ತುಂಬಬೇಕು. ಒಂದು ಮೊದಲರ್ಧಕ್ಕೆ 1,67,77,216 ವಿಳಾಸ ಸಿಗುತ್ತದೆ, ಸಾಲದೆಂಬ ಮಾತಿಲ್ಲ. ಆದರೆ ತೀರಾ ಅಗ್ಗದ ಮಾಲಿನಲ್ಲಿ ತುಂಬುವ ಆ ಕೆಲಸವನ್ನೇ ಬಿಟ್ಟು, ಇಡೀ ಪೆಟ್ಟಿಗೆಗೆ ಒಂದೇ ನಂಬರ್ ಬರೆದು ಕಳಿಸುವುದುಂಟು.

ಪೆರ್ಲ ಅಂಚೆಯಲ್ಲೊಂದು 'ಹೊಸಮನೆ', ಮುಳ್ಳೇರಿಯ ಅಂಚೆಯಲ್ಲೊಂದು 'ಹೊಸಮನೆ' ಇದ್ದರೆ ಯಾರಿಗೂ ತೊಂದರೆಯಿಲ್ಲ. ಒಂದೇ ಗುಡ್ಡೆಯ ಬುಡದಲ್ಲಿ ಎರಡಿದ್ದರೆ ಅಂಚೆಯವರ ಪಾಡು ಕೇಳುವುದೇ ಬೇಡ. ಮ್ಯಾಕ್ ಅಡ್ರೆಸ್ಸೂ ಹಾಗೆಯೇ, ರೂಟರ್ ದಾಟಿ ಹೊರಗೆ ಹೋಗುವುದಿಲ್ಲ. ನಿಮ್ಮ ಎರಡನೇ ಅಡಾಪ್ಟರ್ ಪಕ್ಕದ ಬೇಕರಿಯಲ್ಲಿ ಇದ್ದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಲ್ಯಾನ್ ವಯರುಗಳೆಲ್ಲ ಬಂದು ಸೇರುವ 'ಸ್ವಿಚ್' ಎಂಬ ಅಂಚೆಯವರಿಗೆ ಒಂದು ಅಭ್ಯಾಸ. ಯಾವ ಪೋರ್ಟಿನಿಂದ ಕೊನೆಗೆ ಮಾತು ಬಂತೋ ಆ ವಿಳಾಸ ಅಲ್ಲಿದೆ ಎಂದು ಬರೆದಿಟ್ಟುಕೊಳ್ಳುವುದು. ಮೊದಲ ಕಂಪ್ಯೂಟರ್ ಏನೋ ಕೇಳಿದಾಗ ಅದರ ಪೋರ್ಟ್ ಬರೆದುಕೊಳ್ಳುತ್ತದೆ. ಉತ್ತರ ಬರುವಷ್ಟರಲ್ಲಿ ಎರಡನೆಯದು ಬಾಯಿ ಬಿಟ್ಟರೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತದೆ, ಉತ್ತರ ಅತ್ತ ಹೋಗಿ ವ್ಯರ್ಥವಾಗುತ್ತದೆ. ಸ್ವಿಚ್ಚು ಐಪಿ ನೋಡುವುದೇ ಇಲ್ಲ, ಹಾಗಾಗಿ ನೀವು ಬೇರೆ ಐಪಿ ಕೊಟ್ಟದ್ದು ಫಲಿಸಲಿಲ್ಲ. ಕೊಡದೆ ಬಿಟ್ಟಿದ್ದರೆ ಇಬ್ಬರೂ ಒಬ್ಬರೇ ಎಂದುಕೊಂಡು ರೂಟರ್ ಎರಡಕ್ಕೂ ಒಂದೇ ಐಪಿ ಹಂಚುತ್ತಿತ್ತು. 'ಐಪಿ ಕಾನ್‌ಫ್ಲಿಕ್ಟ್' ಎಂಬ ಎಚ್ಚರಿಕೆಯೂ ಬರುತ್ತಿರಲಿಲ್ಲ: ಅದೇ ಐಪಿ ಬೇರೆ ಮ್ಯಾಕ್‌ನಿಂದ ಕೇಳಿಸಿದರೆ ಮಾತ್ರ ಕಂಪ್ಯೂಟರ್ ಜಗಳ ತೆಗೆಯುತ್ತದೆ, ಇಲ್ಲಿ ಕೇಳಿಸುವುದು ತನ್ನದೇ ದನಿ.

ಸುಲಭದ ದಾರಿ, ಒಂದನ್ನು ಕೊಟ್ಟು ಬೇರೆ ಕಂಪನಿಯದ್ದು ತರುವುದು. ಅಂಗಡಿಯಲ್ಲಿ ಅದೇ ಪೆಟ್ಟಿಗೆಯಿಂದ ಮೂರನೆಯದು ಕೊಟ್ಟಾರು, ಜಾಗ್ರತೆ.

ಇಲ್ಲವಾದರೆ ಒಂದರ ವಿಳಾಸ ಬದಲಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಪ್ರಾಪರ್ಟೀಸ್, ಅದರಲ್ಲಿ ಅಡ್ವಾನ್ಸ್ಡ್, ಅದರಲ್ಲಿ 'ನೆಟ್‌ವರ್ಕ್ ಅಡ್ರೆಸ್'. 02 ಎಂದು ಶುರುಮಾಡಿ ಹತ್ತು ಅಂಕಿ ನಿಮ್ಮಿಷ್ಟದ್ದು, ನಡುವೆ ಗೆರೆ ಬೇಡ. ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲೊಂದು ಆಗಿರಬೇಕು. 'ಇದು ಕಾರ್ಖಾನೆಯದಲ್ಲ, ಇಲ್ಲೇ ಇಟ್ಟದ್ದು' ಎಂಬುದಕ್ಕೆ ಅದೇ ಗುರುತು. ವಿಂಡೋಸ್ ಬದಲು ಕೇರಳದ ಶಾಲೆಗಳಲ್ಲಿರುವ, ಸರಕಾರದ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆಯಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಐಡೆಂಟಿಟಿಯಲ್ಲಿ 'ಕ್ಲೋನ್ಡ್ ಅಡ್ರೆಸ್' ಎಂಬ ಖಾನೆ ಸಿಗುತ್ತದೆ. ಇದು ಕಾನೂನುಬಾಹಿರವೇ ಎಂದು ಕೆಲವರಿಗೆ ಹೆದರಿಕೆ. ಅಪರಾಧ ಆಗುವುದು ಮೊಬೈಲಿನ ಐಎಂಇಐ ತಿದ್ದಿದರೆ. ನಿಮ್ಮದೇ ಅಂಗಡಿಯ ಅಡಾಪ್ಟರಿಗೆ ಹೊಸ ಮ್ಯಾಕ್ ಕೊಡುವುದು ಬೇರೆ ವಿಷಯ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳೇ ವೈಫೈಗೆ ತಾವಾಗಿ ಸುಳ್ಳು ಮ್ಯಾಕ್ ತೋರಿಸುತ್ತವೆ. ಬದಲಿಸಿದ ಮೇಲೆ ನೀವು ಕೈಯಾರೆ ಕೊಟ್ಟ ಐಪಿ ತೆಗೆದು ಆಟೋಮ್ಯಾಟಿಕ್‌ಗೆ ಹಾಕಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಮುಂದಿನ ಸಲ ಗುಡುಗು ಕೇಳಿಸಿದಾಗ ಕರೆಂಟಿನ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ವಯರನ್ನೂ ಕೀಳಿ. ಪುನಃ ಸಿಕ್ಕಿಸುವಾಗ ಅಡಾಪ್ಟರ್ ಅದೇ ಯುಎಸ್‌ಬಿ ತೂತಿಗೇ ಹೋಗಲಿ. ಹೊಸ ವಿಳಾಸ ಇರುವುದು ಅಡಾಪ್ಟರಿನೊಳಗೆ ಅಲ್ಲ, ವಿಂಡೋಸಿನ ಲೆಕ್ಕದಲ್ಲಿ. ಸೀರಿಯಲ್ ನಂಬರ್ ಇಲ್ಲದ ಅಗ್ಗದ ಅಡಾಪ್ಟರ್ ಬೇರೆ ತೂತಿಗೆ ಹೋದರೆ ವಿಂಡೋಸ್ ಅದನ್ನು ಹೊಸ ಉಪಕರಣವೆಂದು ತಿಳಿದು ಹಳೆಯ ನಂಬರಿಗೇ ಮರಳುತ್ತದೆ. ಆ ತೂತಿನ ಪಕ್ಕ ಸ್ವಲ್ಪ ನೈಲ್ ಪಾಲಿಶ್ ಹಚ್ಚಿಡಿ, ಕೆಲಸದ ಹುಡುಗನಿಗೂ ಗೊತ್ತಾಗುತ್ತದೆ.